ಮಂತ್ರಕ್ಕೆ ಮಾವಿನಕಾಯಿ ಉದುರದ ಲೋಕ

ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿ, ನಾಲ್ಕು ಬದಿಯ ಕಟ್ಟೆಗೂ ನಡುಮನೆಗೂ ಅಡ್ಡಗೆರೆ ಎಳೆದು, ನಾಲ್ಕು ಕವಡೆ ಹಿಡಿದು ಕೂತರೆ ಚೌಕಾಬಾರ ಶುರು. ಹತ್ತು ನಿಮಿಷಕ್ಕೆ ತಕರಾರೂ ಶುರು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುತ್ತಾರೆ ಅತ್ತೆ. ನಮ್ಮ ತವರಲ್ಲಿ ಹಾಗೆ ಆಡಿಯೇ ಇಲ್ಲ ಎನ್ನುತ್ತಾಳೆ ಸೊಸೆ. ಸಾಲಾಗಿ ಮೂರು ಸಲ ಚೌಕ ಬಿದ್ದರೆ ಇನ್ನೊಂದು ಗರ ಸಿಗುತ್ತದೋ, ಬಿದ್ದದ್ದೆಲ್ಲ ಸುಟ್ಟುಹೋಗುತ್ತದೋ? ಜೋಡಿ ಕಾಯನ್ನು ಒಂಟಿ ಕಾಯಿ ಹೊಡೆಯಬಹುದೋ? ಇದಕ್ಕೆಲ್ಲ ಅಚ್ಚಾದ ನಿಯಮಪುಸ್ತಕವಿಲ್ಲ. ಕೊನೆಗೆ ಯಾರ ಮನೆಯ ಜಗಲಿಯೋ ಅವರ ಮನೆಯ ಪದ್ಧತಿ. ತೆಲುಗು ನಾಡಿನಲ್ಲಿ ಇದೇ ಆಟ ಅಷ್ಟಾ ಚೆಮ್ಮಾ: ಅಷ್ಟಾ ಎಂದರೆ ಎಂಟು, ಚೆಮ್ಮಾ ಎಂದರೆ ನಾಲ್ಕು. ಕವಡೆ ಅವೇ, ಮನೆ ಅವೇ, ಜಗಳವೂ ಅದೇ.

ಹೀಗೆ ಮನೆಯವರೇ ಮಾಡಿಕೊಂಡ ನಿಯಮಕ್ಕೆ ಇವತ್ತಿನ ಆಟಗಾರರು ಹೌಸ್ ರೂಲ್ ಎನ್ನುತ್ತಾರೆ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಶನಿವಾರ ಸಂಜೆ ಮೇಜಿನ ಸುತ್ತ ಐದಾರು ಜನ ಕೂತು, ಇಪ್ಪತ್ತು ಮುಖದ ದಾಳ ಉರುಳಿಸುತ್ತ, ತಾವು ಕತ್ತಿವರಸೆಯವರು, ಕಳ್ಳರು, ಮಾಂತ್ರಿಕರು ಎಂದು ಮಾತಾಡುತ್ತಿದ್ದರೆ ಅದು ರೋಲ್‌ಪ್ಲೇಯಿಂಗ್ ಗೇಮ್. ಈ ಬಗೆಯ ಆಟಗಳಲ್ಲಿ ಹೆಸರಾದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಟಗಾರರ ಬಾಯಲ್ಲಿ ಡಿ ಅಂಡ್ ಡಿ. ಈ ಆಟದ ಮೇಜುಗಳಲ್ಲಿ ಮತ್ತೆ ಮತ್ತೆ ಕೇಳುವ ಒಂದು ಬಯಕೆಯಿದೆ. ಮಂತ್ರಮಾಯೆ ಸ್ವಲ್ಪ ಕಡಿಮೆಯಿರಲಿ, ಲೋಕ ಇನ್ನಷ್ಟು ನಿಜವಾಗಿರಲಿ ಎಂಬುದು. ಬಯಸುವುದು ಸುಲಭ. ನಿಯಮ ಬರೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ.

ಆಟ ಕಾಣದವರಿಗೆ ಇದನ್ನು ವಿವರಿಸುವುದು ಕನ್ನಡದಲ್ಲಿ ಬೇರೆ ಭಾಷೆಗಳಿಗಿಂತ ಸಲೀಸು, ಯಾಕೆಂದರೆ ನಮ್ಮಲ್ಲಿ ತಾಳಮದ್ದಳೆ ಇದೆ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಮಳೆಗಾಲದ ರಾತ್ರಿಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಅರ್ಥಧಾರಿಗಳು ಕರ್ಣನಾಗಿ, ಕೃಷ್ಣನಾಗಿ ಮಾತಿಗೆ ಮಾತು ಬೆಳೆಸುತ್ತಾರೆ. ಪದ್ಯ ಮೊದಲೇ ಬರೆದದ್ದು, ಮಾತು ಆ ಕ್ಷಣಕ್ಕೆ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಒಂದು ಪದ್ಯಕ್ಕೆ ಯಾವ ಅರ್ಥ ಹೇಳುತ್ತಾರೆಂಬ ಕುತೂಹಲಕ್ಕೇ ಜನ ರಾತ್ರಿಯಿಡೀ ಕೂರುತ್ತಿದ್ದರು. ಡಿ ಅಂಡ್ ಡಿಯಲ್ಲಿ, ಪದ್ಯ ಹಾಡುವ ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಇರುತ್ತಾರೆ. ಲೋಕವನ್ನು ಕಟ್ಟಿಕೊಡುವುದು, ಎದುರಾಳಿಗಳ ಪಾತ್ರ ವಹಿಸುವುದು, ತಕರಾರು ತೀರಿಸುವುದು ಅವರ ಕೆಲಸ. ಒಂದೇ ವ್ಯತ್ಯಾಸ: ತಾಳಮದ್ದಳೆಯಲ್ಲಿ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಬೀಳಲೇಬೇಕು. ಇಲ್ಲಿ ಬೀಳುತ್ತಾನೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುವ ಕಥೆಗೆ ಕ್ಯಾಂಪೇನ್ ಎಂದು ಹೆಸರು.

ಈ ಆಟ ಹುಟ್ಟಿದ್ದೇ ಹೌಸ್ ರೂಲಿನಿಂದ. 19ನೇ ಶತಮಾನದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ಯುದ್ಧಕಲೆ ಕಲಿಯಲು ನಕ್ಷೆಯ ಮೇಲೆ ದಾಳ ಹಾಕಿ ಆಡುತ್ತಿದ್ದರು. ತೀರ್ಪು ಹೇಳಲು ಒಬ್ಬ ಮಧ್ಯಸ್ಥನಿರುತ್ತಿದ್ದ. 1969ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬಾತ ಇಂಥದೇ ಒಂದು ಯುದ್ಧದಾಟದಲ್ಲಿ ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟ. ಅದರಲ್ಲಿ ಆಡಿದ ಡೇವ್ ಆರ್ನೆಸನ್ ತನ್ನ ಮನೆಯ ಮೇಜಿನ ಮೇಲೆ ಬ್ಲ್ಯಾಕ್‌ಮೂರ್ ಎಂಬ ಕಾಲ್ಪನಿಕ ನಾಡು ಕಟ್ಟಿದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದಿದ್ದ ಚೈನ್‌ಮೇಲ್ ಎಂಬ ನಿಯಮಪುಸ್ತಕವನ್ನು ತನಗೆ ಬೇಕಾದಂತೆ ಬಗ್ಗಿಸಿಕೊಂಡ. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಸೇರಿ 1974ರಲ್ಲಿ ಮೂರು ಪುಟ್ಟ ಪುಸ್ತಕಗಳ ಒಂದು ಪೆಟ್ಟಿಗೆ ಹೊರತಂದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಇಂದು ಡಿ ಅಂಡ್ ಡಿ ಎಂಬ ಹೆಸರಿನ ಒಡೆತನ ಹ್ಯಾಸ್‌ಬ್ರೊ ಎಂಬ ಆಟಿಕೆ ಕಂಪನಿಯ ಕೈಲಿದೆ. ಆದರೂ 2023ರ ಜನವರಿಯಲ್ಲಿ ಆಟದ ಮೂಲ ನಿಯಮಗಳ ಒಂದು ದೊಡ್ಡ ಭಾಗ ಮುಕ್ತ ಪರವಾನಗಿಗೆ ಬಂತು. ಯಾರು ಬೇಕಾದರೂ ಅದನ್ನು ತಿದ್ದಬಹುದು, ಅಚ್ಚು ಹಾಕಬಹುದು, ಮಾರಬಹುದು.

ಈಗ ಮಂತ್ರದ ವಿಷಯ. 2014ರ ಮೂಲ ನಿಯಮಪುಸ್ತಕದಲ್ಲಿ ಪಾತ್ರಗಳ ಹನ್ನೆರಡು ವರ್ಗಗಳಿವೆ. ಅವುಗಳಲ್ಲಿ ಎಂಟು ವರ್ಗದವರಿಗೆ ವರ್ಗದ ಬಲದಿಂದಲೇ ಮಂತ್ರ ಸಿಗುತ್ತದೆ. ಹಾಡುಗಾರ ಮಂತ್ರ ಹಾಕುತ್ತಾನೆ, ಕಾಡು ಅಲೆಯುವ ಬೇಟೆಗಾರನೂ ಹಾಕುತ್ತಾನೆ. ಉಳಿದ ನಾಲ್ಕು ವರ್ಗಗಳಿಗೂ ಹಿಂಬಾಗಿಲಿದೆ. ಮೊದಲ ಮೆಟ್ಟಿಲಿನ ಗುಡ್‌ಬೆರಿ ಎಂಬ ಮಂತ್ರದಿಂದ ಹತ್ತು ಹಣ್ಣು ಹುಟ್ಟುತ್ತವೆ, ಒಂದು ಹಣ್ಣು ತಿಂದರೆ ಇಡೀ ದಿನ ಹಸಿವಿಲ್ಲ. ಲೈಟ್ ಎಂಬ ಮಂತ್ರವನ್ನು ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದು, ಒಂದೊಂದು ಸಲಕ್ಕೂ ಒಂದು ಗಂಟೆ ಬೆಳಕು. ಮೂರನೇ ಮೆಟ್ಟಿಲಿಗೆ ಬಂದರೆ ಹೆಣವನ್ನೇ ಎಬ್ಬಿಸಿ ಐದು ಪ್ರಶ್ನೆ ಕೇಳಬಹುದು. ಪತ್ತೇದಾರಿ ಕಥೆಯ ಕುತ್ತಿಗೆ ಅಲ್ಲಿಗೆ ಮುರಿಯಿತು. ದೂರದ ಕಥೆಯೂ ಇಷ್ಟೇ. ಹೊಸಪೇಟೆಯಿಂದ ಭಟ್ಕಳದ ಬಂದರಿಗೆ ಸುಮಾರು 300 ಕಿಲೋಮೀಟರ್. ಆಟದ ನಿಯಮದಂತೆ ದಿನಕ್ಕೆ 24 ಮೈಲಿ ನಡೆದರೆ ಎಂಟು ದಿನದ ದಾರಿ: ಘಟ್ಟ ಇಳಿಯಬೇಕು, ಹೊಳೆ ದಾಟಬೇಕು, ಸುಂಕದ ಕಟ್ಟೆಯವರ ಕೈ ಬೆಚ್ಚಗೆ ಮಾಡಬೇಕು, ಎತ್ತಿಗೆ ಹುಲ್ಲು ಹೊಂದಿಸಬೇಕು. ಅನುಭವ ಹೆಚ್ಚಿ ಹದಿಮೂರನೇ ಲೆವೆಲಿಗೆ ಏರಿದ ಮಾಂತ್ರಿಕನಿಗೆ ಇದು ಆರು ಸೆಕೆಂಡಿನ ಕೆಲಸ.

ಅಂದರೆ ಈ ಆಟದಲ್ಲಿ ಮಂತ್ರದ ಕೆಲಸ ಬೆಂಕಿಯುಂಡೆ ಎಸೆಯುವುದಷ್ಟೇ ಅಲ್ಲ. ಹಸಿವು, ಕತ್ತಲು, ದೂರ, ಗಾಯ, ಸಾವು ಎಂಬ ಐದು ಕಷ್ಟಗಳನ್ನು ಅದು ಸದ್ದಿಲ್ಲದೆ ಮನೆಯಿಂದಾಚೆ ಹಾಕಿಬಿಟ್ಟಿರುತ್ತದೆ. ಮಂತ್ರ ತಗ್ಗಿಸುವುದೆಂದರೆ ಈ ಐದನ್ನು ಮತ್ತೆ ಒಳಗೆ ಕರೆಯುವುದು. ಯಾವುದನ್ನು ಕರೆಯಬೇಕು, ಎಷ್ಟು ಒಳಗೆ ಬಿಟ್ಟುಕೊಳ್ಳಬೇಕು ಎಂಬುದೇ ಹೌಸ್ ರೂಲ್ ಬರೆಯುವವರ ಮುಂದಿರುವ ಪ್ರಶ್ನೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮಾಂತ್ರಿಕ, ಪೂಜಾರಿ ವರ್ಗಗಳನ್ನು ಕಿತ್ತುಹಾಕಿ ಉಳಿದದ್ದನ್ನೆಲ್ಲ ಹಾಗೇ ಬಿಡುವುದು. ಲೆಕ್ಕ ಹಾಕಿದರೆ ಇದರ ಪರಿಣಾಮ ಗೊತ್ತಾಗುತ್ತದೆ. ಐದನೇ ಲೆವೆಲಿನ ಪೂಜಾರಿಗೆ ದಿನಕ್ಕೆ ಒಂಬತ್ತು ಮಂತ್ರ: ಮೊದಲ ಮೆಟ್ಟಿಲಿನವು ನಾಲ್ಕು, ಎರಡನೆಯವು ಮೂರು, ಮೂರನೆಯವು ಎರಡು. ಎಲ್ಲವನ್ನೂ ಗಾಯ ಮಾಯಿಸಲು ಬಳಸಿದರೆ, ಎಂಟು ಮುಖದ ದಾಳದ ಸರಾಸರಿಗೆ ಆತನ ಜ್ಞಾನದ ಮೂರು ಅಂಕ ಸೇರಿಸಿ ಎಣಿಸಿದಾಗ, 2014ರ ನಿಯಮದಲ್ಲಿ ಸುಮಾರು 99 ಹಿಟ್ ಪಾಯಿಂಟ್ (ಬೀಳುವ ಮುಂಚೆ ಮೈ ತಾಳಬಲ್ಲ ಪೆಟ್ಟಿನ ಎಣಿಕೆ) ಆಗುತ್ತದೆ. ಅದೇ ಲೆವೆಲಿನ ಗಟ್ಟಿಮುಟ್ಟಾದ ಕತ್ತಿವರಸೆಯವನ ಮೈಯಲ್ಲಿರುವುದು 44. ಪೂಜಾರಿಯನ್ನು ತೆಗೆದರೆ ಎರಡು ಆಳಿನಷ್ಟು ರಕ್ತವನ್ನೇ ತೆಗೆದ ಹಾಗೆ! 2024ರ ಆವೃತ್ತಿಯಲ್ಲಿ ಈ ಮಂತ್ರದ ದಾಳ ಎರಡಾಗಿರುವುದರಿಂದ ಅಲ್ಲಿ ಕೊರತೆ ಇನ್ನೂ ದೊಡ್ಡದು. ಅತ್ತ ರಾಕ್ಷಸರು ಇದ್ದ ಹಾಗೇ ಇರುತ್ತಾರೆ. 2014ರ ಪುಸ್ತಕದ ತೋಳಮನುಷ್ಯನಿಗೆ ಮಂತ್ರವಿಲ್ಲದ, ಬೆಳ್ಳಿ ಲೇಪವಿಲ್ಲದ ಕತ್ತಿ ತಾಗುವುದೇ ಇಲ್ಲ. ಮಂತ್ರದ ಕತ್ತಿ ಲೋಕದಲ್ಲೇ ಇಲ್ಲವೆಂದು ಬರೆದು ತೋಳಮನುಷ್ಯನನ್ನು ಮಾತ್ರ ಉಳಿಸಿಕೊಂಡರೆ ಬೆಳ್ಳಿ ಕೈಲಿಲ್ಲದ ಆಟಗಾರರಿಗೆ ಉಳಿಯುವ ದಾರಿ ಓಡುವುದೊಂದೇ. ಅದೂ ಕೆಟ್ಟ ಕಥೆಯೇನಲ್ಲ. ಆದರೆ ಓಡಬೇಕಾಗುತ್ತದೆಂದು ಮೊದಲೇ ಹೇಳಿರಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಮಂತ್ರವನ್ನೆಲ್ಲ ತೆಗೆದರೂ ಆಟದೊಳಗೆ ಒಂದು ಮಾಯೆ ಉಳಿದಿರುತ್ತದೆ. ಅದು ಹಿಟ್ ಪಾಯಿಂಟ್.

ಚಿತ್ರದುರ್ಗದ ಒನಕೆ ಓಬವ್ವನ ಐತಿಹ್ಯ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನಿಕರು ಕಿಂಡಿಯೊಳಗೆ ಒಬ್ಬೊಬ್ಬರಾಗಿ ತೆವಳಿ ತಲೆ ಹೊರಹಾಕುತ್ತಿದ್ದ ಹಾಗೆ ಆಕೆ ಒಬ್ಬೊಬ್ಬರನ್ನೂ ಒಂದೊಂದೇ ಏಟಿಗೆ ಕೆಡವಿದಳು. ಇದನ್ನೇ ಡಿ ಅಂಡ್ ಡಿಯ ಅಚ್ಚಾದ ನಿಯಮದಲ್ಲಿ ಆಡಿನೋಡಬಹುದು. ಒನಕೆಯನ್ನು ದೊಡ್ಡ ದೊಣ್ಣೆ ಎಂದುಕೊಂಡರೆ ಎಂಟು ಮುಖದ ಒಂದು ದಾಳ. ಸಾಮಾನ್ಯ ಏಟಿಗೆ ಹೆಚ್ಚೆಂದರೆ ಎಂಟು ಪೆಟ್ಟು. ಪುಸ್ತಕದ ಸಾಮಾನ್ಯ ಕಾವಲುಗಾರನ ಹಿಟ್ ಪಾಯಿಂಟ್ 11. ಮೊದಲ ಏಟಿಗೆ ಆತ ಸಾಯುವುದಿಲ್ಲ, ಕೂಗಿಕೊಳ್ಳುತ್ತಾನೆ. ಹಿಂದಿದ್ದವರು ಎಚ್ಚೆತ್ತುಕೊಳ್ಳುತ್ತಾರೆ. ಸಾಮಾನ್ಯ ಹಳ್ಳಿಗರಿಗೆ ಪುಸ್ತಕ ಕೊಟ್ಟಿರುವುದು ನಾಲ್ಕೇ ಹಿಟ್ ಪಾಯಿಂಟ್ ಆದ್ದರಿಂದ ಓಬವ್ವನೇ ಮೊದಲು ಬೀಳುತ್ತಾಳೆ. ಇನ್ನೊಂದು ತುದಿಯನ್ನೂ ನೋಡಿ. ಹತ್ತನೇ ಲೆವೆಲಿನ ವೀರನ ಮೈಯಲ್ಲಿ ಎಂಬತ್ತಕ್ಕೂ ಹೆಚ್ಚು ಹಿಟ್ ಪಾಯಿಂಟ್. ಆತ ಚಿತ್ರದುರ್ಗದ ಬಂಡೆಯ ಮೇಲಿಂದ ನೂರು ಅಡಿ ಕೆಳಗೆ ಬಿದ್ದರೆ ಸರಾಸರಿ 35 ಕಳೆದುಕೊಂಡು, ಧೂಳು ಕೊಡವಿಕೊಂಡು, ಊಟಕ್ಕೆ ಹೊರಡುತ್ತಾನೆ. ಅವನ ಜೇಬಿನಲ್ಲಿ ಒಂದೂ ಮಂತ್ರವಿಲ್ಲ. ಆದರೂ ಇದು ಮಂತ್ರವಿರಳ ಲೋಕ ಎಂದರೆ ಯಾರು ನಂಬುತ್ತಾರೆ?

ಆದ್ದರಿಂದ ಇಂಥ ಕ್ಯಾಂಪೇನಿನಲ್ಲಿ ಮೊದಲು ಬರೆಯಬೇಕಾದ ಹೌಸ್ ರೂಲ್ ಮಂತ್ರದ್ದಲ್ಲ, ಮೈಯದ್ದು. ಎದುರಾಳಿಗೆ ಅಪಾಯದ ಅರಿವೂ ಇಲ್ಲ, ಅಲ್ಲಾಡಲು ಜಾಗವೂ ಇಲ್ಲ ಎಂದಾದರೆ ಹಿಟ್ ಪಾಯಿಂಟ್ ಎಣಿಸಬೇಡಿ, ಏಟು ತಾಗಿದರೆ ಬಿದ್ದ ಎಂದು ಒಂದು ಸಾಲು ಬರೆದರೆ ಓಬವ್ವ ಗೆಲ್ಲುತ್ತಾಳೆ. ಈ ಸಾಲಿಗೆ ‘ಕಿಂಡಿ ನಿಯಮ’ ಎಂದು ಹೆಸರಿಡಬಹುದು. ಅದನ್ನು ಬರೆದ ಮರುವಾರದಿಂದಲೇ ಆಟಗಾರರು ಎಲ್ಲೆಲ್ಲಿ ಕಿಂಡಿಯಿದೆ ಎಂದು ಹುಡುಕತೊಡಗುತ್ತಾರೆ, ಮೈಬಲಕ್ಕಿಂತ ಜಾಗ ನೋಡಿ ಕಾದುತ್ತಾರೆ. ಈ ನಿಯಮ ತಮ್ಮ ಮೇಲೂ ನಡೆಯುತ್ತದೆಂದು ತಿಳಿದ ಕೂಡಲೇ ರಾತ್ರಿ ಪಾಳಿಗೆ ಕಾವಲು ಹಾಕುವುದನ್ನು ಯಾರೂ ಮರೆಯುವುದಿಲ್ಲ. ಮೇಲಿನ ತುದಿಯನ್ನು ಕತ್ತರಿಸಲು 2000ರ ದಶಕದಲ್ಲಿ ಆಟದ ಮೂರನೇ ಆವೃತ್ತಿಯವರು ಇ6 ಎಂಬ ಉಪಾಯ ಕಂಡುಕೊಂಡರು: ಆರನೇ ಲೆವೆಲಿಗೆ ಏಣಿ ನಿಲ್ಲಿಸಿಬಿಡುವುದು. ಅಲ್ಲಿಂದಾಚೆ ಅನುಭವಕ್ಕೆ ಸಣ್ಣಪುಟ್ಟ ಹೊಸ ಕೌಶಲ ಸಿಗುತ್ತದೆಯೇ ಹೊರತು ಮೈಯಲ್ಲಿ ರಕ್ತ ಹೆಚ್ಚುವುದಿಲ್ಲ. ಒಂದೇ ಸಾಲಿನ ನಿಯಮ ನೂರಾರು ಪುಟದ ಮಂತ್ರಗಳನ್ನು ಕಪಾಟಿನಲ್ಲೇ ಉಳಿಸಿತು.

ಗಾಯ ಮಾಯುವ ಬಗೆಗೂ ಇಷ್ಟೇ ಗಮನ ಬೇಕು. ಮಾಮೂಲಿ ನಿಯಮದಲ್ಲಿ ಎಂಟು ಗಂಟೆ ಮಲಗಿದರೆ ಎಲ್ಲ ಹಿಟ್ ಪಾಯಿಂಟೂ ವಾಪಸ್. ನಿನ್ನೆ ಸಾವಿನ ದವಡೆಯಲ್ಲಿದ್ದವನು ಬೆಳಗ್ಗೆ ದಂಡ ಹೊಡೆಯುತ್ತಿರುತ್ತಾನೆ. 2014ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲೇ ಇದಕ್ಕೊಂದು ಪರ್ಯಾಯ ಕೊಟ್ಟಿದ್ದಾರೆ: ಗಂಟೆಯ ವಿಶ್ರಾಂತಿಯ ಜಾಗಕ್ಕೆ ಎಂಟು ಗಂಟೆಯ ನಿದ್ದೆ, ಎಂಟು ಗಂಟೆಯ ನಿದ್ದೆಯ ಜಾಗಕ್ಕೆ ಏಳು ದಿನದ ವಿಶ್ರಾಂತಿ. ನೋಡಲು ಚಿಕ್ಕ ತಿದ್ದುಪಡಿ. ಮಂತ್ರಗಳೂ ವಿಶ್ರಾಂತಿಯಿಂದಲೇ ಮರಳುವುದರಿಂದ ಒಂದೇ ಏಟಿಗೆ ಅವೂ ವಾರಕ್ಕೊಮ್ಮೆ ಸಿಗುವ ಸರಕಾಗುತ್ತವೆ. ಕೈಪಿಡಿ ದಿನಕ್ಕೆ ಆರರಿಂದ ಎಂಟು ಸಾಧಾರಣ ಕಾಳಗ ಎಂದು ಲೆಕ್ಕ ಹಾಕಿದ್ದು ಈಗ ವಾರದ ಲೆಕ್ಕವಾಗುತ್ತದೆ, ಕಥೆಗೆ ಉಸಿರಾಡಲು ಜಾಗ ಸಿಗುತ್ತದೆ. 2016ರಲ್ಲಿ ಬಂದ ಅಡ್ವೆಂಚರ್ಸ್ ಇನ್ ಮಿಡಲ್ ಅರ್ತ್ ಪುಸ್ತಕ ಟೋಲ್ಕಿನ್ನರ ಲೋಕಕ್ಕಾಗಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಮಂತ್ರ ಹಾಕುವ ವರ್ಗಗಳೇ ಇಲ್ಲ, ದಾರಿಯಲ್ಲಿ ಪೂರ್ಣ ವಿಶ್ರಾಂತಿಯೂ ಇಲ್ಲ. ಅದಕ್ಕೆ ಸುರಕ್ಷಿತ ಆಶ್ರಯವೊಂದನ್ನು ತಲುಪಬೇಕು. ಪಯಣಕ್ಕೆ ದಾರಿತೋರಿಸುವವನು, ಮುಂದೆ ಹೋಗಿ ನೋಡುವವನು, ಬೇಟೆಗಾರ, ಕಾವಲಿನವನು ಎಂದು ನಾಲ್ಕು ಹೊಣೆ ಹಂಚಿದ್ದಾರೆ. ದೂರ ಎಂಬ ಕಷ್ಟವನ್ನು ಮರಳಿ ತರುವ ಬಗೆ ಇದು.

ನಮ್ಮ ಕಡೆಯ ಕ್ಯಾಂಪೇನಿಗೆ ಇದನ್ನು ಒಗ್ಗಿಸಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಾಣದವರು ಕಡಿಮೆ. ಆಂಧ್ರದಲ್ಲಿ ತಿರುಪತಿಯ ಹತ್ತಿರದ ಪುತ್ತೂರಿನ ಮೂಳೆ ಕಟ್ಟುವವರ ಹೆಸರು ಅದು. ಮುರಿದ ಕೈಗೆ ಮಂತ್ರದ ಬದಲು ಕಟ್ಟು ಎಂದು ನಿಯಮ ಮಾಡಿ. ಕಟ್ಟು ಹಾಕಿಸಿಕೊಂಡವರು ಆರು ವಾರ ಆ ಕೈಯಲ್ಲಿ ಗುರಾಣಿ ಹಿಡಿಯುವಂತಿಲ್ಲ. ಕಟ್ಟು ಹಾಕುವವರ ಊರಿಗೆ ಗಾಯಾಳುವೇ ಹೋಗಬೇಕು. ಅವರು ಮುನಿಸಿಕೊಂಡಿದ್ದರೆ ಮೊದಲು ಸಮಾಧಾನ ಮಾಡಬೇಕು. ಗಾಯವೊಂದು ಹೀಗೆ ಪ್ರಯಾಣವಾಗುತ್ತದೆ, ಪ್ರಯಾಣ ಕಥೆಯಾಗುತ್ತದೆ.

ಮಂತ್ರ ಪೂರ್ತಿ ಇಲ್ಲವಾಗಬೇಕೇ? ಹಾಗೇನೂ ಅಲ್ಲ. ಬೇಕಾದದ್ದು ಮಹಾಭಾರತದ ಮಟ್ಟದ ಜಿಪುಣತನ. ಕರ್ಣನ ಕೈಯಲ್ಲಿದ್ದ ಶಕ್ತ್ಯಾಯುಧ ಮಂತ್ರವಿರಳ ಆಟದ ಆದರ್ಶ ವಸ್ತು. ಅದಕ್ಕೆ ಕೊಟ್ಟ ಬೆಲೆ ಮೈಗಂಟಿದ ಕವಚ ಮತ್ತು ಕುಂಡಲ. ಬಳಸಬಹುದಾದದ್ದು ಒಂದೇ ಸಲ. ಅರ್ಜುನನಿಗೆಂದು ಇಟ್ಟುಕೊಂಡದ್ದನ್ನು ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಎಸೆಯಬೇಕಾಗಿ ಬಂತು. ಅಶ್ವತ್ಥಾಮನಿಗೆ ಅಸ್ತ್ರ ಬಿಡಲು ಗೊತ್ತಿತ್ತು, ಹಿಂದೆ ಕರೆಯಲು ಗೊತ್ತಿರಲಿಲ್ಲ. ಬೆಲೆ, ಎಣಿಕೆ, ಹಿಂಪಡೆಯಲಾಗದಿರುವುದು: ಈ ಮೂರರಲ್ಲಿ ಒಂದಾದರೂ ಇಲ್ಲದ ಮಂತ್ರವನ್ನು ಆಟಗಾರರ ಕೈಗೆ ಕೊಡದಿದ್ದರೆ ಅರ್ಧ ಕೆಲಸ ಮುಗಿದಂತೆ. ಪಶ್ಚಿಮದ ಆಟಗಳೂ ಬೇರೆ ಬೇರೆ ದಾರಿಯಲ್ಲಿ ಇಲ್ಲಿಗೇ ಬಂದಿವೆ. 1981ರ ಕಾಲ್ ಆಫ್ ಕ್ತುಲು ಆಟದಲ್ಲಿ ಮಂತ್ರ ಓದಿದವನ ಬುದ್ಧಿಸ್ಥಿಮಿತವೇ ಕರಗುತ್ತದೆ. 1985ರಲ್ಲಿ ಗ್ರೆಗ್ ಸ್ಟಾಫರ್ಡ್ ರಚಿಸಿದ ಪೆಂಡ್ರಾಗನ್‌ನಲ್ಲಿ ಆಟಗಾರರೆಲ್ಲ ಆರ್ಥರ್ ರಾಜನ ಕಾಲದ ಯೋಧರು. ಮಾಟ ಮಾಯೆಯೆಲ್ಲ ಆಟ ನಡೆಸುವವರ ಕಡೆಗೆ. ವರ್ಷಕ್ಕೊಂದು ಸಾಹಸ, ಚಳಿಗಾಲ ಬಂತೆಂದರೆ ಹೊಲಮನೆ, ಮದುವೆ, ಮಕ್ಕಳ ಲೆಕ್ಕ. ವೀರನಿಗೆ ವಯಸ್ಸಾಗುತ್ತದೆ, ಮಗ ಕತ್ತಿ ಹಿಡಿಯುತ್ತಾನೆ.

ಇಲ್ಲಿಯವರೆಗೆ ಓದಿದವರು ಹುರುಪಿನಿಂದ ನಲವತ್ತು ಪುಟದ ನಿಯಮ ಬರೆಯಲು ಕೂತರೆ ಅವರಿಗೆ ಮೈಸೂರಿನ ಒಂದು ಕಥೆ ಹೇಳಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರಂಥ ಆಟಪ್ರಿಯ ದೊರೆ ಇನ್ನೊಬ್ಬರಿಲ್ಲ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೇ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳ ಹಳೆಯ ಪದ್ಧತಿಯನ್ನು ಬೆಳೆಸಿ ಅವರು ಛದ್ ಎಂಬ ಹೊಸ ಆಟಗಳನ್ನೇ ರೂಪಿಸಿದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ. ಇಂದು ಆ ಎಲೆಗಳನ್ನು ನೋಡಿ ಬೆರಗಾಗುತ್ತೇವೆ, ಆಡುವವರು ಸಿಗುವುದಿಲ್ಲ. ಸೀಮೆಸುಣ್ಣದ ಚೌಕಾಬಾರ ಮಾತ್ರ ಜಗಲಿಯಿಂದ ಜಗಲಿಗೆ ನಡೆದುಬಂದಿದೆ. ಹೌಸ್ ರೂಲುಗಳು ಒಂದು ಹಾಳೆಯ ಒಂದು ಬದಿಯಲ್ಲಿ ಹಿಡಿಸದಿದ್ದರೆ ಅವನ್ನು ನೆನಪಿಟ್ಟುಕೊಳ್ಳುವುದು ಬರೆದವರೊಬ್ಬರೇ.

ಆ ಹಾಳೆಯನ್ನು ಮೊದಲ ದಾಳ ಬೀಳುವ ಮುಂಚೆಯೇ ಎಲ್ಲರ ಮುಂದೆ ಓದಬೇಕು. ಕುರುಕ್ಷೇತ್ರದಲ್ಲೂ ಯುದ್ಧಕ್ಕೆ ಮೊದಲು ಎರಡೂ ಪಕ್ಷ ಕೂತು ರಥಿಕನೊಡನೆ ರಥಿಕ, ಕಾಲಾಳಿನೊಡನೆ ಕಾಲಾಳು, ಆಯುಧ ಕಳೆದುಕೊಂಡವನನ್ನು ಹೊಡೆಯುವಂತಿಲ್ಲ ಎಂದು ಮಾತಾಡಿಕೊಂಡಿದ್ದವು. ನಿಯಮ ಮುರಿದವು ಎಂಬುದು ನಿಜ. ಆದರೆ ಮುರಿದದ್ದು ಎಲ್ಲರಿಗೂ ಗೊತ್ತಾಯಿತು, ಭೀಮನ ಗದೆ ತೊಡೆಗೆ ಬಿದ್ದಾಗ ಬಲರಾಮ ಸಿಡಿದೆದ್ದದ್ದು ಅದಕ್ಕೇ. ಮಾಂತ್ರಿಕನಾಗಬೇಕೆಂದು ಆಸೆಪಟ್ಟು ಬಂದ ಗೆಳತಿಗೆ ಮೂರನೇ ವಾರ ‘ಈ ಲೋಕದಲ್ಲಿ ಮಂತ್ರವಿಲ್ಲ’ ಎಂದು ಹೇಳುವುದಕ್ಕಿಂತ ದೊಡ್ಡ ಅಧರ್ಮಯುದ್ಧವಿಲ್ಲ.

ಇನ್ನು ಆಟದ ಕಾಯಿಗಳ ಮಾತು. ವಿದೇಶಿ ಲೋಹದ ಬೊಂಬೆಗಳಿಗೆ ದುಡ್ಡು ಸುರಿಯುವ ಅಗತ್ಯವೇನಿಲ್ಲ. ವಿಶಾಖಪಟ್ಟಣದ ಪಕ್ಕದ ಅನಕಾಪಲ್ಲಿ ಜಿಲ್ಲೆಯಲ್ಲಿ ವರಾಹ ನದಿಯ ದಂಡೆಯ ಏಟಿಕೊಪ್ಪಾಕ ಇದೆ. ಅಲ್ಲಿ ಅಂಕುಡು ಮರವನ್ನು ಕಡೆದು ಅರಗಿನ ಬಣ್ಣ ಏರಿಸಿ ಬೊಂಬೆ ಮಾಡುತ್ತಾರೆ. ನಮ್ಮ ಚನ್ನಪಟ್ಟಣದ ಆಲೆ ಮರವೂ ಅದೇ ಜಾತಿಯದು. ವಿಜಯವಾಡದ ಹತ್ತಿರದ ಕೊಂಡಪಲ್ಲಿಯಲ್ಲಿ ಹಗುರವಾದ ಪೊನಿಕಿ ಮರದ ಅಂಬಾರಿ, ಗಾಡಿ, ಹಳ್ಳಿಯ ಜನರೆಲ್ಲ ಸಿಗುತ್ತಾರೆ. ಮಂತ್ರವಿರಳ ಲೋಕಕ್ಕೆ ಡ್ರ್ಯಾಗನ್‌ಗಿಂತ ಎತ್ತಿನ ಗಾಡಿಯೇ ಹೆಚ್ಚು ಬೇಕಾಗುತ್ತದೆ.

ಗಾಡಿ ಎಂದಾಗ ಕುದುರೆಯ ನೆನಪು. ಮಂತ್ರದ ಕತ್ತಿ, ಮಂತ್ರದ ಉಂಗುರ ಇಲ್ಲವಾದಾಗ ಆಟಗಾರರು ಯಾವುದರ ಆಸೆಗೆ ಜೀವ ಪಣಕ್ಕಿಡಬೇಕು ಎಂಬುದು ಹೌಸ್ ರೂಲ್ ಬರೆಯುವವರನ್ನು ಕಾಡುವ ಪ್ರಶ್ನೆ. ಇದಕ್ಕೆ ವಿಜಯನಗರದ ಕಾಲವೇ ಉತ್ತರ ಬರೆದಿಟ್ಟಿದೆ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಎನ್ನುತ್ತಾನೆ. ಅದಕ್ಕೂ ಹಿಂದಿನ ಸಾಳುವ ನರಸಿಂಹನಂತೂ ಹಡಗಿನಲ್ಲಿ ಬರುವಾಗ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬಾಲಕ್ಕೂ ಬೆಲೆಯಿರುವ ಲೋಕದಲ್ಲಿ ಜೀವಂತ ಅರಬ್ಬೀ ಕುದುರೆಗಿಂತ ದೊಡ್ಡ ನಿಧಿ ಬೇಕೆ? 1520ರ ರಾಯಚೂರಿನ ಮುತ್ತಿಗೆಯನ್ನೂ ನೂನಿಜ್ ವಿವರಿಸಿದ್ದಾನೆ. ಕೋಟೆಗೋಡೆಯ ಮೇಲಿಂದ ಬಗ್ಗಿ ನೋಡಿದವರನ್ನು ಫಿಗೆರೆದೊ ಎಂಬಾತನ ಜೊತೆಗಿದ್ದ ಸುಮಾರು 20 ಪೋರ್ಚುಗೀಸರು ಕೋವಿಯಿಂದ ಉರುಳಿಸಿದರು, ಕೆಳಗಿದ್ದ ವಿಜಯನಗರದವರು ನಿರ್ಭಯವಾಗಿ ಗೋಡೆಯ ಕಲ್ಲು ಕಿತ್ತರು. ಕೋವಿ ಕಂಡರಿಯದ ಕಾವಲುಗಾರನಿಗೆ ಅದು ಮಂತ್ರವಲ್ಲದೆ ಇನ್ನೇನು?

ಕೊನೆಗೆ ಉಳಿದದ್ದು ಸಾವು. ಇಲ್ಲಿ ಅಚ್ಚಾದ ನಿಯಮವೇ ಒಂದು ವಿಚಿತ್ರ ಬಾಗಿಲು ತೆರೆದಿಟ್ಟಿದೆ. ಡಿ ಅಂಡ್ ಡಿಯಲ್ಲಿ ಸತ್ತವರನ್ನು ಬದುಕಿಸಲು ವಜ್ರ ಬೇಕು. ಸತ್ತು ಒಂದು ನಿಮಿಷದೊಳಗಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ, ಹತ್ತು ದಿನದೊಳಗಾದರೆ 500 ನಾಣ್ಯದ್ದು, ನೂರು ವರ್ಷದೊಳಗಾದರೆ 1,000 ನಾಣ್ಯದ್ದು. ಮಂತ್ರದೊಡನೆ ವಜ್ರವೂ ಸವೆದುಹೋಗುತ್ತದೆ. ಹೆಚ್ಚಿನ ಮೇಜುಗಳಲ್ಲಿ ಇದೊಂದು ಅಂಗಡಿ ಲೆಕ್ಕ: ಊರಿಗೆ ಹೋಗಿ ನಾಲ್ಕು ವಜ್ರ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಟೊಮೆಟೊ ಕೊಂಡ ಹಾಗೆ.

ಆದರೆ 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿ ಸಿಗುವವರೆಗೆ ಲೋಕದ ವಜ್ರವೆಲ್ಲ ಹೆಚ್ಚುಕಡಿಮೆ ಈ ದೇಶದಿಂದಲೇ ಹೋಗಬೇಕಿತ್ತು. ಗೋಲ್ಕೊಂಡ ಮಾರುಕಟ್ಟೆಯ ಹೆಸರು. ಅಗೆಯುತ್ತಿದ್ದದ್ದು ಕೃಷ್ಣಾ ಕಣಿವೆಯಲ್ಲಿ, ಕೊಲ್ಲೂರಿನಲ್ಲಿ, ಪರಿಟಾಲದಲ್ಲಿ. 17ನೇ ಶತಮಾನದಲ್ಲಿ ಕೊಲ್ಲೂರಿಗೆ ಹೋಗಿದ್ದ ಫ್ರೆಂಚ್ ರತ್ನವ್ಯಾಪಾರಿ ಟಾವರ್ನಿಯೆ ಅಲ್ಲಿ ಅರವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು, ಗಂಡಸರು ಅಗೆಯುತ್ತಿದ್ದರು, ಹೆಂಗಸರೂ ಮಕ್ಕಳೂ ಮಣ್ಣು ಹೊರುತ್ತಿದ್ದರು ಎಂದು ಬರೆದಿದ್ದಾನೆ. ಇಂದು ಕೊಲ್ಲೂರು ಪುಲಿಚಿಂತಲ ಜಲಾಶಯದ ನೀರಿನಡಿ ಇದೆ. ಪರಿಟಾಲ ವಿಜಯವಾಡದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ; ದೊಡ್ಡ ಹನುಮಂತನ ವಿಗ್ರಹ ನೋಡಲು ಬಸ್ಸಿನವರು ಕಿಟಕಿಯಾಚೆ ಬಗ್ಗುತ್ತಾರೆ, ಕಾಲಡಿಯ ನೆಲದ ಹಳೆಯ ಕಥೆ ಗೊತ್ತಿರುವವರು ಕಡಿಮೆ.

ವಿಜಯನಗರದಲ್ಲಿ ವಜ್ರಕ್ಕೊಂದು ಕಟ್ಟಳೆಯಿತ್ತು. ಗಣಿ ಹಿಡಿದವರು ಇಪ್ಪತ್ತು ಮಂಗೆಲಿನ್‌ಗಿಂತ ಹೆಚ್ಚು ತೂಗುವ ಕಲ್ಲನ್ನೆಲ್ಲ ಅರಸನ ಭಂಡಾರಕ್ಕೆ ಒಪ್ಪಿಸಬೇಕಿತ್ತು ಎಂದು ನೂನಿಜ್ ಹೇಳುತ್ತಾನೆ. ಮಂಗೆಲಿನ್ ಎಂದರೆ ಮಂಜಾಡಿ ಬೀಜದ ತೂಕ, ಒಂದು ಕ್ಯಾರಟ್‌ಗಿಂತ ಸ್ವಲ್ಪ ಹೆಚ್ಚು. ಈ ಕಟ್ಟಳೆಯನ್ನು ಆಟದ ನಿಯಮದ ಪಕ್ಕದಲ್ಲಿಟ್ಟು ನೋಡಿ. ಸತ್ತವರನ್ನು ಎಬ್ಬಿಸಬಲ್ಲ ಕಲ್ಲೆಲ್ಲ ಇಪ್ಪತ್ತು ಮಂಗೆಲಿನ್ ಮೀರಿದವೇ ಎಂದು ಒಂದೇ ಒಂದು ಹೌಸ್ ರೂಲ್ ಸೇರಿಸಿದರೆ ಸಾಕು. ಮಂತ್ರವನ್ನು ನಿಷೇಧಿಸಬೇಕಿಲ್ಲ, ಮಾಂತ್ರಿಕರ ವರ್ಗವನ್ನು ಕಿತ್ತುಹಾಕಬೇಕಿಲ್ಲ. ಸತ್ತವರನ್ನು ಎಬ್ಬಿಸುವ ಹಕ್ಕು ಅರಸನದ್ದಾಯಿತು. ಗೆಳೆಯ ಸತ್ತರೆ ಅರಮನೆಯ ಬಾಗಿಲಲ್ಲಿ ಕಾಯಬೇಕು, ಇಲ್ಲವೆ ಕಳ್ಳಗಲ್ಲು ಹುಡುಕಬೇಕು.

ಆ ಕ್ಯಾಂಪೇನ್ ಶುರುಮಾಡಲು ಬಳ್ಳಾರಿಯಿಂದ ಗಡಿ ದಾಟಿದರೆ ಸಿಗುವ ಅನಂತಪುರ ಜಿಲ್ಲೆಯ ವಜ್ರಕರೂರು ಒಳ್ಳೆಯ ಜಾಗ. ಅಲ್ಲಿ ಇವತ್ತಿಗೂ ಮುಂಗಾರಿನ ಮೊದಲ ಮಳೆ ಹೊಲದ ಮೇಲ್ಮಣ್ಣು ತೊಳೆದ ಮೇಲೆ ದೂರದೂರದ ಜನ, ಬಳ್ಳಾರಿ ಕಡೆಯವರೂ, ಬುತ್ತಿ ಕಟ್ಟಿಕೊಂಡು ಬಂದು ಬಗ್ಗಿದ ಬೆನ್ನು ಎತ್ತದೆ ಕಲ್ಲು ಹುಡುಕುತ್ತಾರೆ. ಆಟದಲ್ಲಿ ಇಸವಿ 1520 ಎಂದುಕೊಳ್ಳಿ. ಮಳೆ ನಿಂತಿದೆ. ಹೊಲದಂಚಿನ ಗುಡಾರದಲ್ಲಿ ಒಬ್ಬ ಆಟಗಾರನ ತಮ್ಮನ ಹೆಣ, ಪ್ರಾಣ ಹೋಗಿ ನಾಲ್ಕು ದಿನ. ಇನ್ನೊಬ್ಬಳ ಅಂಗೈಯಲ್ಲಿ ಕೆಸರು ಮೆತ್ತಿದ ಒಂದು ಕಲ್ಲು. ಆಕೆ ಅದನ್ನು ಸೆರಗಿನಲ್ಲಿ ಒರೆಸಿ, ಪುಟ್ಟ ತಕ್ಕಡಿಯ ಇನ್ನೊಂದು ತಟ್ಟೆಗೆ ಮಂಜಾಡಿ ಬೀಜ ಒಂದೊಂದಾಗಿ ಹಾಕುತ್ತಿದ್ದಾಳೆ. ಇಪ್ಪತ್ತು ಬೀಜ ಹಾಕಿದರೂ ಕಲ್ಲಿನ ತಟ್ಟೆ ಏಳಲಿಲ್ಲ. ಹೊಲದಾಚೆ ಅಮಲ್ದಾರನ ಕುದುರೆಯ ಗೊರಸಿನ ಸದ್ದು.